ಹಿಂದೋಳಕ್ಕೆ ಯಾವ ಲ?

ಮೊಮ್ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಯಾವ-ಲ ಅಜ್ಜಿ’ ಎಂದು ಕರೆಯುತ್ತಾರೆ. ನನಗೆ ಕೇಳಿಸುವುದಿಲ್ಲ ಎಂದು ಅವರ ಎಣಿಕೆ. ನನ್ನ ಕಣ್ಣು ಮಂಜಾಗಿದೆ, ಮೊಣಕಾಲು ಮುಷ್ಕರ ಹೂಡಿದೆ, ಆದರೆ ಕಿವಿಗೆ ಇನ್ನೂ ಏನೂ ಆಗಿಲ್ಲ. ಆ ಕಿವಿಯೇ ನನ್ನ ಜನ್ಮಕ್ಕೆ ಅಂಟಿದ ತೊಂದರೆ.

ಮೊನ್ನೆ ಒಂದು ಮದುವೆಗೆ ಹೋಗಿದ್ದೆ. ನಾವು ಊಟಕ್ಕೆ ಕುಳಿತಿದ್ದಾಗ ವೇದಿಕೆಯ ಮೇಲೆ ಒಬ್ಬ ಹುಡುಗಿ ಮೈಕು ಹಿಡಿದು, “ಈಗ ಹಿಂದೋಲ ರಾಗದಲ್ಲಿ ಒಂದು ಕೀರ್ತನೆ” ಎಂದಳು. ನನ್ನ ಬಾಯಿಂದ “ಯಾವ ಲ?” ಎಂದು ಬಂದೇಬಿಟ್ಟಿತು. ಪಕ್ಕದ ಎಲೆಯ ಹೆಂಗಸು ಬಹಳ ಮರ್ಯಾದಸ್ಥೆ. “ಬೂಂದಿ ಲಾಡು ಅಜ್ಜಿ, ಈ ಸಾಲಿಗೆ ಇನ್ನೂ ಬಂದಿಲ್ಲ” ಎಂದು ಸಮಾಧಾನ ಹೇಳಿದಳು. ಸೊಸೆ ನನ್ನ ಸೆರಗು ಜಗ್ಗಿ, “ಯಾವ ಲ ಆದರೇನತ್ತೆ, ಎರಡೂ ಒಂದೇ ಅಲ್ಲವಾ?” ಎಂದಳು. ಅಲ್ಲಿಗೆ ನನಗೆ ಊಟ ಸೇರಲಿಲ್ಲ. ಲಾಡು ಮಾತ್ರ ತಿಂದೆ.

ಎರಡೂ ಒಂದೇ ಅಂತೆ. ನೀವೂ ಹಾಗೇ ಅಂದುಕೊಂಡಿದ್ದರೆ ಈಗಲೇ ಹೇಳಿಬಿಡುತ್ತೇನೆ, ಕೇಳಿ. ‘ದ’ ಮತ್ತು ‘ಳ’ ಇರುವುದು ಹಿಂದೋಳ. ಅದು ಮೈಸೂರಿನ ಕಡೆಯ ಸಂಗೀತದ್ದು. ‘ಡ’ ಮತ್ತು ‘ಲ’ ಇರುವುದು ಹಿಂಡೋಲ. ಅದು ಧಾರವಾಡ, ಪುಣೆ, ಅಲ್ಲಿಂದಾಚೆಯ ಹಿಂದೂಸ್ತಾನಿಯದು. ಎರಡಕ್ಕೂ ಐದೇ ಸ್ವರ. ಎರಡರಲ್ಲೂ ರಿಷಭ ಇಲ್ಲ, ಪಂಚಮ ಇಲ್ಲ. ಇಷ್ಟಕ್ಕೇ ಮರುಳಾಗಿ ಜನ ಒಂದೇ ಎನ್ನುತ್ತಾರೆ. ಉಳಿದದ್ದನ್ನು ಹಾರ್ಮೋನಿಯಂ ಪೇಟಿಯ ಮೇಲೆ ಒತ್ತಿ ನೋಡಬೇಕು. ಹಿಂದೋಳದ ಬೆರಳು ಎಲ್ಲಿ ಬೀಳುತ್ತದೋ ಅಲ್ಲಿ ಹಿಂಡೋಲದ ಬೆರಳು ಬೀಳುವುದಿಲ್ಲ. ಷಡ್ಜ ಒಂದನ್ನು ಬಿಟ್ಟರೆ ಗಾಂಧಾರ ಬೇರೆ, ಮಧ್ಯಮ ಬೇರೆ, ಧೈವತ ಬೇರೆ, ನಿಷಾದ ಬೇರೆ. ಹಿಂದೋಳಕ್ಕೆ ನಿಜವಾಗಿ ಹೊಂದುವ ರಾಗ ನಮ್ಮ ಹಿಂದೂಸ್ತಾನಿ ಕಡೆಯೂ ಉಂಟು. ಅದಕ್ಕೆ ನಾವು ಮಾಲಕಂಸ ಎನ್ನುತ್ತೇವೆ. ಶಿರಸಿಯಲ್ಲೊಬ್ಬ ಗಣಪತಿ, ಮೈಸೂರಿನಲ್ಲೊಬ್ಬ ಗಣಪತಿ ಇದ್ದಾನೆಂದು, ಹೆಸರು ಒಂದೇ ಅಲ್ಲವೇ ಎಂದು ಇವನ ಹೆಂಡತಿಯನ್ನು ಅವನ ಮನೆಗೆ ಕಳಿಸುತ್ತೀರಾ? ರಾಗದ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ಉದಾರಿಗಳು.

ಇಷ್ಟೊಂದು ಸಿಟ್ಟು ಏಕೆ ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ.

ರಾಜ್ಯ ಒಂದಾದ ಹೊಸತು. ಅಲ್ಲಿಯವರೆಗೆ ನಾವು ಶಿರಸಿಯವರು ಮುಂಬೈಗೆ ಸೇರಿದ್ದೆವು. ಒಂದು ಬೆಳಗ್ಗೆ ಎದ್ದರೆ ಮೈಸೂರಿಗೆ ಸೇರಿದ್ದೆವು. ನಮ್ಮ ಅಪ್ಪ ಬನವಾಸಿ ಕಡೆಯಿಂದ ಬಂದು ಶಿರಸಿ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟವರು. ಅವರಿಗೆ ರಾಜ್ಯ ಒಂದಾದ ಸಂತೋಷ ಎಷ್ಟೆಂದರೆ, ಒಂದು ಉಂಡೆ ಬೆಲ್ಲಕ್ಕೆ ಬಂದವರು ಒಂದು ಭಾಷಣವನ್ನೂ ಕಟ್ಟಿಸಿಕೊಂಡು ಹೋಗಬೇಕಾಗಿತ್ತು. “ಇನ್ನ ಕನ್ನಡದವರೆಲ್ಲಾ ಒಂದs ಮನಿ ಮಂದಿ. ಮಾತೂ ಒಂದ, ಮನಸೂ ಒಂದ” ಎನ್ನುತ್ತ ತಕ್ಕಡಿ ಎತ್ತುತ್ತಿದ್ದರು.

ಮನಸ್ಸಿನ ಸಂಗತಿ ನನಗೆ ತಿಳಿಯದು. ಮಾತು ಒಂದಾಗಿರಲಿಲ್ಲ. ತಾಲೂಕು ಕಚೇರಿಯಲ್ಲಿ ನಾವು ಮಾಮ್ಲೇದಾರ ಎನ್ನುವವನನ್ನು ಮೈಸೂರಿನಿಂದ ವರ್ಗವಾಗಿ ಬಂದವರು ಅಮಲ್ದಾರ ಎಂದು ಕರೆದರು. ಇಬ್ಬರು ಬೇರೆ ಬೇರೆ ಸಾಹೇಬರೆಂದು ತಿಳಿದು ನಮ್ಮ ಓಣಿಯವರೊಬ್ಬರು ಒಂದೇ ದೂರನ್ನು ಎರಡು ಸಲ ಹೇಳಿ ಬೈಸಿಕೊಂಡು ಬಂದರು. ನಮ್ಮ ಶಿರಾ ಅವರ ಬಾಯಲ್ಲಿ ಕೇಸರಿಬಾತ್ ಆಯಿತು. ಇಂಥವುಗಳಿಂದ ಯಾರ ಬದುಕೂ ಹಾಳಾಗಲಿಲ್ಲ ಎನ್ನಿ. ನನ್ನ ಪಾಲಿಗೆ ಬಂದದ್ದು ರಾಗದ ಹೆಸರು.

ನಾನು ಆಗ ಭಟ್ಟ ಮಾಸ್ತರರ ಹತ್ತಿರ ಹಾಡು ಕಲಿಯುತ್ತಿದ್ದೆ. ಮಾಸ್ತರರು ಸಿದ್ದಾಪುರದಾಚೆ ನಿಲ್ಕುಂದದವರು. ಧಾರವಾಡದಲ್ಲಿ ಯಾರದೋ ಮನೆಯಲ್ಲಿ ನೀರು ಹೊತ್ತು, ಬಯ್ಗುಳ ತಿಂದು, ಹಿಂದೂಸ್ತಾನಿ ಕಲಿತು ಬಂದು ಶಿರಸಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಅವರ ಬಾಯಿಯಲ್ಲಿ ಸದಾ ಎಲೆಯಡಿಕೆಯ ಕವಳ. ಕವಳ ಉಗುಳಿ ಬರುವಷ್ಟು ಪುರುಸೊತ್ತು ಅವರಿಗೆ ಇಲ್ಲದ್ದರಿಂದ ಪಾಠ ನಡೆಯುತ್ತಿದ್ದದ್ದು ಹುಬ್ಬಿನ ಮೇಲೆ. ಎಡ ಹುಬ್ಬು ಇಳಿದರೆ ಸ್ವರ ತಗ್ಗಿಸಿ ಕೋಮಲ ಮಾಡಬೇಕು, ಬಲ ಹುಬ್ಬು ಏರಿದರೆ ತೀವ್ರ. ಎರಡೂ ಹುಬ್ಬು ಒಟ್ಟಿಗೆ ಕುಣಿದರೆ ನಾನು ತಪ್ಪಿದ್ದೇನೆ ಎಂದು ಅರ್ಥ. ಹುಬ್ಬು ನೋಡಿ ನೋಡಿ ಸಂಗೀತ ಕಲಿತವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಹೀಗಾಗಿ ಈಗಲೂ ಹಾಡುವಾಗ ಎದುರಿಗೆ ಕುಳಿತವರ ಹುಬ್ಬನ್ನೇ ದಿಟ್ಟಿಸುತ್ತೇನೆ, ಅವರು ಅಪಾರ್ಥ ಮಾಡಿಕೊಳ್ಳುತ್ತಾರೆ.

ಆ ಹುಬ್ಬುಗಳ ಕೆಳಗೆ ನನಗೆ ಚೆನ್ನಾಗಿ ಕುದುರಿದ ರಾಗವೆಂದರೆ ಮಾಲಕಂಸ. ಅದನ್ನು ಹಾಡುವಾಗ ಮಾಸ್ತರರ ಹುಬ್ಬು ಅಲ್ಲಾಡುತ್ತಲೇ ಇರಲಿಲ್ಲ.

ಮದುವೆಯ ವಯಸ್ಸು ಬಂದಿತ್ತು. ಬಂದು ನೋಡಿದವರಿಗೆಲ್ಲ ನನ್ನ ಪೇಟಿಯದೇ ಚಿಂತೆ. “ಲಗ್ನ ಆದ ಮ್ಯಾಲೆ ಇದನ್ನ ಏನ್ ಮಾಡ್ತೀರಿ?” ಎಂದು ಒಬ್ಬರು ಕೇಳಿದರೆ, ಇನ್ನೊಬ್ಬರು ತಮ್ಮ ಮನೆಯಲ್ಲಿ ದೇವರ ಹಾಡನ್ನೂ ಗಂಡಸರೇ ಹೇಳುವುದು ಎಂದರು. ನಾನು ಅವ್ವನಿಗೆ ಹೇಳಿಬಿಟ್ಟೆ, ಹಾಡಲು ಬಿಡುವ ಮನೆಯಾದರೆ ಮಾತ್ರ ಹೋಗುತ್ತೇನೆ ಎಂದು. ಅವ್ವ ರೊಟ್ಟಿ ತಿರುವಿ ಹಾಕುತ್ತ, “ಹಾಡಾಕ ಬಿಡೂ ಮನಿ ಯಾವ ಊರಾಗ ಐತಿ ಹೇಳು, ನಾನೂ ಬರ್ತೀನಿ” ಎಂದಳು.

ಅಂಥ ಮನೆ ಯಲ್ಲಾಪುರದಲ್ಲಿತ್ತು. ಮೈಸೂರಿನ ಕಡೆಯ ಒಬ್ಬ ಇಂಜಿನಿಯರು ರಸ್ತೆ ಕೆಲಸಕ್ಕೆ ಅಲ್ಲಿಗೆ ವರ್ಗವಾಗಿ ಬಂದಿದ್ದರು. ನಮ್ಮ ಜನವೇ. ಮಗ ಕಾಲೇಜಿನಲ್ಲಿ ಪಾಠ ಹೇಳುವವನು, ರಜೆಗೆ ಬಂದಿದ್ದ. ಅಪ್ಪ ವ್ಯಾಪಾರಕ್ಕೆಂದು ಯಲ್ಲಾಪುರಕ್ಕೆ ಹೋದಾಗ ಮಾತು ಬಂದು, ಇಂಜಿನಿಯರು ಒಂದೇ ಒಂದು ಬೇಡಿಕೆ ಇಟ್ಟರು. ಒಡವೆ ಬೇಡ, ಕೊಡುವುದು ಬಿಡುವುದು ಏನೂ ಬೇಡ, ಸೊಸೆಗೆ ಸಂಗೀತ ಬರಬೇಕು. ತಮಗೆ ಹಿಂದೋಳ ಎಂದರೆ ಪ್ರಾಣ, ಅದೊಂದನ್ನು ಹಾಡಿದರೆ ಸಾಕು.

ಅಪ್ಪನಿಗೆ ಸಂಗೀತದ ಗಂಧ ಇಲ್ಲ. ಹೆಸರು ಮರೆಯಬಾರದೆಂದು ಯಲ್ಲಾಪುರದಿಂದ ಶಿರಸಿಯವರೆಗೆ ಬಸ್ಸಿನಲ್ಲಿ ಅದನ್ನೇ ಜಪಿಸುತ್ತ ಬಂದರು. ಆ ರಸ್ತೆ ಆಗ ಹೇಗಿತ್ತೆಂದು ನೀವು ನೋಡಿಲ್ಲ. ಆ ಕುಲುಕಾಟದಲ್ಲಿ ನಾಲಿಗೆಯ ಮೇಲಿದ್ದ ‘ದ’ ಮತ್ತು ‘ಳ’ ಎಲ್ಲಿ ಕಳಚಿ ಬಿದ್ದವೋ, ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದ್ದು “ಹಿಂಡೋಲ”.

ಮಾಸ್ತರರು ಕವಳವನ್ನು ಒಂದು ದವಡೆಗೆ ಸರಿಸಿದರು. “ಹಿಂಡೋಲ ಈ ಕೂಸಿಗೆ ಇನ್ನೂ ಕಲಿಸಿದ್ನಿಲ್ಲೆ. ಮಾಲಕಂಸ ಹಾಡಲಿ, ಅದು ಚಂದ ಬತ್ತು.”

“ಹಂಗ ಹೆಂಗ್ರಿ ಮಾಸ್ತರ? ಅವರು ಕೇಳಿದ್ದು ಹಿಂಡೋಲ. ಅಕ್ಕಿ ಕೇಳಿದವಗ ಬ್ಯಾಳಿ ಅಳದ ಕೊಡಾಕ ಬರತೈತೇನು?”

“ಅವು ಹಿಂಡೋಲ ಹೇಳೇ ಹೇಳಿದ್ದ? ಮೈಸೂರವ್ವು ‘ಹಿಂದೋಳ’ ಹೇಳ್ತ, ಆನು ಕೇಳಿದ್ದೆ.”

“ಹಿಂದೋಳೋ ಹಿಂಡೋಲೋ, ಎರಡೂ ಒಂದs ಅಲ್ಲೇನ್ರಿ?” ಎಂದರು ಅಪ್ಪ.

ಮಾಸ್ತರರು ಕವಳವನ್ನು ಇನ್ನೊಂದು ದವಡೆಗೆ ಸರಿಸಿ, “ಒಂದೇಯ. ಮೈಸೂರವ್ವು ಎಲ್ಲದನ್ನೂ ಹಾಂಗೇ ಎಳೀತ” ಎಂದರು. ನೋಡಿ, ಆ ಮನೆಯಲ್ಲಿ ಎರಡಕ್ಷರವನ್ನು ಕಿವಿಯಲ್ಲಿ ಇಟ್ಟುಕೊಂಡಿದ್ದ ಒಬ್ಬರೇ ಒಬ್ಬರು ಅವರು, ಅವರೇ ಕೈ ಬಿಟ್ಟರು. ನೆನೆದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ಮರುದಿನದಿಂದ ಹಿಂಡೋಲದ ಪಾಠ. ಅದು ಬೆಳಗಿನ ರಾಗವಾದ್ದರಿಂದ ನಸುಕಿಗೇ ಮಾಸ್ತರರು ಬರುತ್ತಿದ್ದರು. ಏನು ರಾಗವೋ ಅದು, ಎಲ್ಲಿಯೂ ಕುಳಿತುಕೊಳ್ಳಲು ಬಿಡುವುದಿಲ್ಲ; ಒಂದು ಸ್ವರದಿಂದ ಇನ್ನೊಂದಕ್ಕೆ ಹಾರಬೇಕು, ಹಾರಿದಲ್ಲಿ ನಿಲ್ಲಬೇಕು. ಬಲ ಹುಬ್ಬು ಏರಿಯೇ ಇರುತ್ತಿತ್ತು, ನನ್ನ ಮಧ್ಯಮ ಅಷ್ಟೆತ್ತರಕ್ಕೆ ಏರುತ್ತಿರಲಿಲ್ಲ. ಅವ್ವ ಒಳಗಿನಿಂದ, “ಯಾರೋ ಮೆಟ್ಟಲಾ ಹತ್ತಿ ಹತ್ತಿ ಬಿದ್ದಂಗ ಕೇಳತೈತವಾ” ಎಂದಳು. ಆದರೂ ಹಟ ಹಿಡಿದು ಕಲಿತೆ. ಒಂದು ರಾಗ ಕಲಿತರೆ ಜನ್ಮವಿಡೀ ಹಾಡಬಹುದು ಎಂದರೆ ಯಾರು ಬಿಡುತ್ತಾರೆ?

ಬರುವವರು ಬೆಳಗ್ಗೆಯೇ ಬರಲಿ, ರಾಗದ ಹೊತ್ತು ತಪ್ಪಬಾರದು ಎಂದು ಮಾಸ್ತರರು ಹೇಳಿ ಕಳಿಸಿದ್ದರು. ಯಲ್ಲಾಪುರದ ಬಸ್ಸಿಗೆ ರಾಗದ ಹೊತ್ತು ಯಾರು ಹೇಳಬೇಕು? ಅದು ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. “ಬರ್ರಿ ಬರ್ರಿ, ಕುಂದರ್ರಿ” ಎಂದು ಅಪ್ಪ ಜಮಖಾನೆ ಕೊಡವಿದರು. ಬಂದವರು ಇಂಜಿನಿಯರು, ಅವರ ಹೆಂಡತಿ, ಮಗ. ಆ ತಾಯಿ ಶಿರಾ ತಿಂದು, “ಕೇಸರಿಬಾತ್ ತುಂಬಾ ಚೆನ್ನಾಗಿದೆ” ಎಂದಾಗ ಅವ್ವನ ಮುಖ ಸಣ್ಣದಾಯಿತು. “ಭಾತ ಅಂದ್ರ ಅನ್ನ. ಇದರಾಗ ಅನ್ನ ಎಲ್ಲಿ ಕಂಡರು?” ಎಂದು ನನ್ನ ಕಿವಿಯಲ್ಲಿ ಕೇಳಿದಳು. ಅಪ್ಪ “ಪೇಟಿ ತರ್ರಿ” ಎಂದು ಕೂಗಿದಾಗ ಆ ತಾಯಿ ನೆಟ್ಟಗೆ ಕುಳಿತರು. ಒಡವೆಯ ಪೆಟ್ಟಿಗೆ ಎಂದುಕೊಂಡಿರಬೇಕು. ಹಾರ್ಮೋನಿಯಂ ಬಂತು.

ಮಗ ಕನ್ನಡಕದ ಹುಡುಗ. ನಾನು ಕುಳಿತ ಮೇಲೆ, “ಎಷ್ಟು ವರ್ಷದಿಂದ ಕಲೀತಾ ಇದ್ದೀರಿ?” ಎಂದು ಕೇಳಿದ. ಇದ್ದೀರಿ ಎಂದ. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲಿ ಮಾತನಾಡಿಸಿದ ಗಂಡಸು ಲೋಕದಲ್ಲಿ ಇರಲಿಲ್ಲ. ಈ ಮನೆಗೆ ಹೋಗಲೇಬೇಕು ಎನ್ನುವುದು ಆ ಕ್ಷಣಕ್ಕೆ ಗಟ್ಟಿಯಾಯಿತು.

“ಎಲ್ಲಿ, ಹಿಂದೋಳ ಹಾಡಮ್ಮ” ಎಂದು ಇಂಜಿನಿಯರು ಗೋಡೆಗೊರಗಿ ಕಣ್ಣು ಮುಚ್ಚಿದರು. ಎಷ್ಟು ನಂಬಿಕೆಯಿಂದ ಮುಚ್ಚಿದರು ಗೊತ್ತೇ. ನಾನು ಷಡ್ಜ ಹಿಡಿದೆ. ತಲೆದೂಗಿದರು. ಗಾಂಧಾರಕ್ಕೆ ಹೋದೆ. ಒಂದು ಕಣ್ಣು ತೆರೆಯಿತು. ಮಧ್ಯಮಕ್ಕೆ ಎರಡನೆಯದೂ ತೆರೆಯಿತು. ನಾನು ಮಾಸ್ತರರ ಕಡೆ ನೋಡಿದೆ. ಹುಬ್ಬು ಅಲುಗದೆ ನಿಂತಿದೆ, ಎಂದರೆ ಎಲ್ಲ ಸರಿಯಾಗಿದೆ. ಇಂಜಿನಿಯರ ಕಡೆ ನೋಡಿದೆ; ಅವರ ಎರಡೂ ಹುಬ್ಬು ಕುಣಿಯುತ್ತಿವೆ. ಯಾರ ಹುಬ್ಬನ್ನು ನಂಬುವುದೆಂದು ತಿಳಿಯದೆ ಹೇಗೋ ಮುಗಿಸಿದೆ.

“ನಾನು ಕೇಳಿದ್ದು ಹಿಂದೋಳ ಅಲ್ವೇನಮ್ಮ” ಎಂದರು ಇಂಜಿನಿಯರು.

“ಹಾಡಿದ್ದೂ ಅದೇ” ಎಂದರು ಮಾಸ್ತರರು.

“ಎಲ್ಲಿ ಸ್ವಾಮಿ? ಧೈವತ ಶುದ್ಧ ಇರಬೇಕು.”

“ಶುದ್ಧವೇ ಹಚ್ಚಿದ್ದು.”

“ಇಲ್ಲ ಕಣ್ರೀ, ಇದು ಶುದ್ಧ ಅಲ್ಲ.”

“ಶುದ್ಧ ಅಲ್ದೆ ಮತ್ತೆಂತದು? ಎನಗೆ ಶುದ್ಧ ಗೊತ್ತಿಲ್ಯ?” ಮಾಸ್ತರರಿಗೆ ಸಿಟ್ಟು ಬಂದರೆ ಹೊರಗಿನವರ ಎದುರೂ ನಿಲ್ಕುಂದದ ಮಾತು ಬಾಯಿಗೆ ಬರುತ್ತಿತ್ತು.

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು, ಅದೇ ಗೋಳು. ಮೈಸೂರಿನವರು ಶುದ್ಧ ಧೈವತ ಎನ್ನುವುದನ್ನು ನಾವು ಕೋಮಲ ಎನ್ನುತ್ತೇವೆ. ನಾವು ಶುದ್ಧ ಎನ್ನುವುದು ಅವರಿಗೆ ಬೇರೆಯೇ ಧೈವತ. ರಾಗದ ಹೆಸರಿನಿಂದ ಶುರುವಾದ ತಪ್ಪು ಸ್ವರದ ಹೆಸರಿಗೆ ಹಬ್ಬಿತ್ತು. ಒಬ್ಬರಾದರೂ ಬಾಯಿ ಮುಚ್ಚಿ ಪೇಟಿಯ ಮೇಲೆ ಬೆರಳಿಟ್ಟು ತೋರಿಸಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಪೇಟಿ ಇಬ್ಬರ ನಡುವೆಯೇ ಇತ್ತು. ಗಂಡಸರು ವಾದಕ್ಕೆ ಕುಳಿತಾಗ ಎದುರಿಗಿರುವ ವಸ್ತು ಅವರಿಗೆ ಕಾಣುವುದಿಲ್ಲ. ನಾನು ತೋರಿಸಲು ಎಂದು ಬೆರಳು ಎತ್ತಿದರೆ ಇಬ್ಬರೂ ಒಟ್ಟಿಗೆ “ನೀ ಸುಮ್ಮನಿರು” ಎಂದರು. ಅಂದು ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಇಷ್ಟರಲ್ಲಿ ಇಂಜಿನಿಯರು ಅಪ್ಪನ ಕಡೆ ತಿರುಗಿ, ನೊಂದ ದನಿಯಲ್ಲಿ ಹೇಳಿದರು, “ನೋಡಿ ಯಜಮಾನರೇ, ನಾನು ಮುಚ್ಚುಮರೆ ಇಲ್ಲದೆ ಹೇಳ್ತೀನಿ. ನಿಮ್ಮ ಧೈವತ ಶುದ್ಧ ಇಲ್ಲ.”

ಧೈವತ ಎಂಬ ಶಬ್ದವನ್ನು ಅಪ್ಪ ಹುಟ್ಟಿದ ಮೇಲೆ ಕೇಳಿದವರಲ್ಲ. ಅವರಿಗೆ ಕೇಳಿದ್ದು ದೈವ. ಅಪ್ಪ ನಿಧಾನವಾಗಿ ಎದ್ದು ನಿಂತರು.

“ನಮ್ಮ ದೈವಾ ಶುದ್ಧ ಇಲ್ಲ ಅಂತೀರಿ?”

“ಹೌದು. ಬೇಜಾರು ಮಾಡ್ಕೋಬೇಡಿ. ಎಳೆಯ ವಯಸ್ಸು, ಈಗಲಾದರೂ ತಿದ್ಕೋಬಹುದು.”

ಅಪ್ಪ ದೇವರ ಕೋಣೆಯ ಕಡೆ ಕೈ ತೋರಿಸಿದರು. “ಮೂರು ತಲಿಯಿಂದ ಪೂಜಿ ತಪ್ಪಿಲ್ಲರಿ ಈ ಮನ್ಯಾಗ. ನೀವು ಬಂದು ನಮ್ಮ ದೈವಾ ತಿದ್ದತೀರಿ? ಏಳ್ರಿ. ನಮ್ಮ ಹುಡಿಗಿನ್ನ ಕೊಡೂದಿಲ್ಲ.”

ಹುಡುಗ ಏನೋ ಹೇಳಲು ಬಾಯಿ ತೆರೆದ. ಅವನ ತಾಯಿ ಆಗಲೇ ಎದ್ದಾಗಿತ್ತು. ಮಾಸ್ತರರು “ಇನ್ನು ಆನು ಈ ಮನೆ ಮೆಟ್ಟಿಲು ಹತ್ತತ್ನಿಲ್ಲೆ” ಎಂದು ಯಾರಿಗೆ ಹೇಳಿದರೋ, ಅವರೂ ಹೊರಟರು. ಮುಂದಿನ ಪಾಠದ ದಿನ ಎಂದಿನಂತೆ ಬಂದರು, ಆ ಮಾತು ಬೇರೆ. ಅಪ್ಪ ಕದ ಹಾಕಿದರು. ಪೇಟಿ ನಡುಮನೆಯಲ್ಲಿ ಬಾಯಿ ತೆರೆದುಕೊಂಡೇ ಇತ್ತು.

ಎರಡು ವರ್ಷದ ಮೇಲೆ ನನಗೆ ಹಾವೇರಿ ಕಡೆ, ಹತ್ತಿ ವ್ಯಾಪಾರದ ಮನೆಯಲ್ಲಿ ಮದುವೆಯಾಯಿತು. ಕೆಟ್ಟ ಜನವಲ್ಲ. ಹಾಡಬೇಡ ಎಂದು ಯಾರೂ ಹೇಳಲಿಲ್ಲ. “ಹಾಡೂದಾದ್ರ ರೊಟ್ಟಿ ಬಡಿಯೂವಾಗ ಹಾಡವಾ, ಆ ಸಪ್ಪಳದಾಗ ಯಾರಿಗೂ ಕೇಳೂದಿಲ್ಲ” ಎಂದರು ಅತ್ತೆ, ಬಹಳ ಅಂತಃಕರಣದಿಂದ. ಹಾಗೆ ನಾನು ಬಹಳ ಕಾಲ ಜೋಳದ ರೊಟ್ಟಿಯ ತಾಳಕ್ಕೆ ಹಾಡಿದೆ. ಗಂಡ ಒಳ್ಳೆಯವರು, ಅವರಿಗೆ ಹಾಡಿಗೂ ಮಿಲ್ಲಿನ ಸೀಟಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಎರಡಕ್ಕೂ ಊಟದ ಹೊತ್ತಾಯಿತೆಂದು ಏಳುತ್ತಿದ್ದರು. ಇದು ದೂರಲ್ಲ. ಲೆಕ್ಕ ತಪ್ಪಬಾರದೆಂದು ಹೇಳಿದೆ.

ಆ ಮಧ್ಯಾಹ್ನಕ್ಕೇ ಹಿಂದಿರುಗುತ್ತೇನೆ. ಅವ್ವ ಮೂಲೆ ಹಿಡಿದು ಕುಳಿತಿದ್ದಳು. ನಾನು ಅಡಿಗೆಮನೆಯಲ್ಲಿ ಬಂದವರ ತಟ್ಟೆ ತೊಳೆಯುತ್ತಿದ್ದೆ. ಅಳು ಬರಲಿಲ್ಲ, ಸಿಟ್ಟು ಬಂತು. ರಾಗದ ಮೇಲೆ, ಬಸ್ಸಿನ ಮೇಲೆ, ಅಪ್ಪನ ಮೇಲೆ, ಶುದ್ಧದ ಮೇಲೆ. ಆ ಹಾಳು ಹಿಂಡೋಲದ ರುಚಿ ಬಾಯಿಂದ ಹೋಗಲೆಂದು ನನ್ನ ಮಾಲಕಂಸವನ್ನು ಎತ್ತಿಕೊಂಡೆ. ಅದು ಸರಿರಾತ್ರಿಯ ರಾಗ. ಮಟಮಟ ಮಧ್ಯಾಹ್ನ ಹಾಡುವುದು ಮಹಾಪಾಪ. ಬೇಕೆಂದೇ ಹಾಡಿದೆ. ಎದುರಿಗೆ ಯಾರ ಹುಬ್ಬೂ ಇರಲಿಲ್ಲ. ಗಂಟಲು ಹೇಳಿದಂತೆ ಕೇಳಿತು. ಮಂದ್ರದ ಧೈವತದ ಮೇಲೆ ನಿಂತಾಗ ತೊಳೆಯುತ್ತಿದ್ದ ತಟ್ಟೆ ಕೈಯಲ್ಲೇ ಉಳಿಯಿತು. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲೂ ಹಾಡಿರಲಿಲ್ಲ, ಆಮೇಲೂ ಹಾಡಲಿಲ್ಲ.

ಹೊರಗೆ ಕದ ಬಡಿದ ಸದ್ದು. ನಮ್ಮ ಮನೆಗೆ ಬಸ್‌ಸ್ಟ್ಯಾಂಡು ಹತ್ತಿರ. ಬಸ್ಸು ಇನ್ನೂ ಬಂದಿರಲಿಲ್ಲ, ಇಂಜಿನಿಯರು ಕೊಡೆ ಮರೆತು ಹೋಗಿದ್ದರು. ಅಪ್ಪ ಕದ ತೆರೆದು ಕೊಡೆ ಕೊಟ್ಟದ್ದು ಒಳಗಿನಿಂದ ತಿಳಿಯಿತು. ನಾನು ಹಾಡು ನಿಲ್ಲಿಸಲಿಲ್ಲ. ಕೇಳಿದರೆ ಕೇಳಲಿ ಎಂದು ಇನ್ನಷ್ಟು ದನಿ ಬಿಟ್ಟೆ.

ಹೋಗುವ ಹೆಜ್ಜೆಯ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಇಂಜಿನಿಯರು ಕೇಳಿದರು, “ಯಾರು ಹಾಡ್ತಿರೋದು?”

ಹೋಗಿ ಹೇಳಬೇಕೆಂದರೆ ನಡುವೆ ಇದ್ದದ್ದು ಒಂದು ಬಾಗಿಲಿನ ಪರದೆ. ಆದರೆ ಕರೆಯದೆ ಹೊರಗೆ ಬರುವ ಹುಡುಗಿಯರ ಕಾಲವಲ್ಲ ಅದು. ಅಪ್ಪ ಹೇಳುತ್ತಾರೆ ಎಂದು ಕಾದೆ. ಹಾಡುತ್ತಲೇ ಕಾದೆ. ಅಪ್ಪನಿಗೆ ತನ್ನ ದೈವಕ್ಕೆ ಬಂದ ಕುಂದು ಇನ್ನೂ ಆರಿರಲಿಲ್ಲ. ಇಂಥವರಿಗೆ ತನ್ನ ಮಗಳ ಹಾಡು ಬಿಟ್ಟಿ ಕೇಳಿಸಬಾರದು ಎನ್ನಿಸಿರಬೇಕು.

“ಅದಾ? ಬಾಜೂ ಮನಿ ರೇಡಿಯೋ ರೀ” ಎಂದರು.

“ಹೌದಾ? ಎಷ್ಟು ಚೆನ್ನಾಗಿ ಹಾಡ್ತಾರೆ ನೋಡಿ. ಇದೇ ಯಜಮಾನರೇ ನಾನು ಕೇಳಿದ ಹಿಂದೋಳ.” ಅವರ ದನಿಯಲ್ಲಿ ಈಗ ಸ್ವಲ್ಪವೂ ಸಿಟ್ಟಿರಲಿಲ್ಲ. “ನಿಮ್ಮ ಮಗಳಿಗೆ ಹೇಳಿ, ದಿನಾ ಈ ರೇಡಿಯೋ ಕೇಳಲಿ. ಜಾಣ ಹುಡುಗಿ, ಕಲಿತ್ಕೋತಾಳೆ.”

ನಾನು ಅಲ್ಲಿಗೇ ನಿಲ್ಲಿಸಿದೆ. ಸ್ವರ ಅರ್ಧಕ್ಕೆ ಕಡಿದುಹೋಯಿತು.

“ಅಯ್ಯೋ, ಸ್ಟೇಷನ್ ಹೋಯ್ತು ಅಂತ ಕಾಣುತ್ತೆ” ಎಂದರು ಇಂಜಿನಿಯರು.

“ಹೂಂನ್ರಿ” ಎಂದರು ಅಪ್ಪ, ಕದ ಹಾಕಿಕೊಳ್ಳುತ್ತ. “ನಮ್ಮ ಕಡೆ ಹಂಗರಿ. ಚಲೋ ಬರಾಕ ಹತ್ತಿದಾಗs ನಿಂತ ಬಿಡತೈತಿ.”